ಸಿ41.4 ಅಂತ ಬರೆದಿದ್ದ ಒಂದು ಫೈಲು

ಫೈಲಿನ ಮೇಲೆ ಬಿಲ್ಲಿಂಗ್‌ನವರು ಒಂದು ಹಳದಿ ಚೀಟಿ ಅಂಟಿಸಿದ್ದರು. ‘ಟಿಪಿಎ ಕ್ವೆರಿ, ಅರ್ಜೆಂಟ್’ ಅಂತ ಅದರಲ್ಲಿತ್ತು. ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೇಮ್ ನೋಡುವವರು ಕೇಳಿದ್ದು ಎರಡೇ ಸಾಲು. ಡಿಸ್ಚಾರ್ಜ್ ಸಮರಿಯಲ್ಲಿ ಆಸ್ಟಿಯೋಕಾಂಡ್ರೋಮ ಅಂತ ಇದೆ. ಕ್ಲೇಮ್ ಫಾರಂನಲ್ಲಿ ಐಸಿಡಿ ಕೋಡ್ ಸಿ41.4 ಅಂತ ಇದೆ. ಯಾವುದು ಸರಿ, ತಿಳಿಸಿ.

ಐಸಿಡಿ ಅನ್ನುವುದು ಕಾಯಿಲೆಗಳಿಗೆ ಕೋಡ್ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ. ಅದರಲ್ಲಿ ಸಿ41.4 ಅಂದರೆ ಸೊಂಟದ ಮೂಳೆಗಳ ಕ್ಯಾನ್ಸರ್. ಆಸ್ಟಿಯೋಕಾಂಡ್ರೋಮ ಅಂದರೆ ಕ್ಯಾನ್ಸರ್ ಅಲ್ಲದ ಮೂಳೆ ಗಡ್ಡೆ. ಎರಡೂ ಒಟ್ಟಿಗೆ ನಿಜ ಆಗಲಾರವು. ರೋಗಿಯ ವಯಸ್ಸು 21.

ನಾನು ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಅಮೆರಿಕದ ಆಸ್ಪತ್ರೆಗಳ ಫೈಲುಗಳಿಗೆ ಕೋಡ್ ಹಾಕುತ್ತಿದ್ದೆ. ನಮ್ಮ ಕೆಲಸ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಡಾಕ್ಟರು ಮಾತಿನಲ್ಲಿ ಬರೆದ ಕಾಯಿಲೆಯನ್ನು ಒಂದು ಅಕ್ಷರ ಮತ್ತು ಕೆಲವು ಅಂಕಿಗಳಿಗೆ ಇಳಿಸುವುದು ನಮ್ಮ ಕೆಲಸ. ಈ ಫೈಲಿನ ವಿಷಯ ಪೂರ್ತಿಯಾಗಿ ಬರೆಯುತ್ತೇನೆ, ಯಾಕಂದ್ರೆ ಇದೇ ತಪ್ಪು ಬೇರೆ ಕಡೆಯೂ ಆಗುತ್ತಿರುತ್ತದೆ. ಹುಡುಗನ ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ.

ಗಂಟು

ಹುಡುಗ ಡಿಪ್ಲೊಮಾ ಓದುತ್ತಿದ್ದ. ಎಡಗಡೆ ಸೊಂಟದಲ್ಲಿ, ಬೆಲ್ಟ್ ಕೂರುವ ಜಾಗದ ಸ್ವಲ್ಪ ಕೆಳಗೆ ಒಂದು ಗಟ್ಟಿ ಗಂಟು. ಹದಿನಾರನೇ ವಯಸ್ಸಿನಲ್ಲಿ ಕೈಗೆ ಸಿಕ್ಕಿತ್ತಂತೆ. ನೋವಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಬರುವ ಮುಂಚಿನ ಆರು ತಿಂಗಳಲ್ಲಿ ಬೈಕ್ ಮೇಲೆ ಜಾಸ್ತಿ ಹೊತ್ತು ಕೂತರೆ ನೋವು ಶುರುವಾಯಿತು. ಗಂಟು ದೊಡ್ಡದಾಗಿದೆ ಅಂತ ಅವನಿಗೇ ಅನ್ನಿಸಿತು.

ಎಕ್ಸ್‌ರೇಯಲ್ಲಿ ಇಲಿಯಮ್ ಮೂಳೆಯಿಂದ ಹೊರಗೆ ಚಾಚಿದ ಒಂದು ಬೆಳವಣಿಗೆ ಕಾಣಿಸಿತು. ಸೊಂಟದ ಮೇಲೆ ಕೈ ಇಟ್ಟು ನಿಂತಾಗ ಅಂಗೈಗೆ ಸಿಗುತ್ತದಲ್ಲ, ಆ ಅಗಲವಾದ ಮೂಳೆಯೇ ಇಲಿಯಮ್. ಎಂಆರ್‌ಐ ಮಾಡಿಸಿದರು. ಗಂಟಿನ ಒಳಗಿನ ಮಜ್ಜೆ ಮತ್ತು ಹೊರಗಿನ ಗಟ್ಟಿ ಪದರ ಎರಡೂ ಮೂಲ ಮೂಳೆಯೊಂದಿಗೆ ಒಂದೇ ಆಗಿ ಸೇರಿಕೊಂಡಿದ್ದವು. ಆಸ್ಟಿಯೋಕಾಂಡ್ರೋಮದ ಗುರುತೇ ಅದು. ಮರದ ಕಾಂಡದಿಂದ ಕೊಂಬೆ ಒಡೆದ ಹಾಗೆ ಮೂಳೆಯಿಂದಲೇ ಮೂಳೆ ಒಡೆದಿರುತ್ತದೆ. ತುದಿಯಲ್ಲಿ ಕಾರ್ಟಿಲೇಜಿನ, ಅಂದರೆ ಮೆದುಮೂಳೆಯ, ಒಂದು ಟೋಪಿ ಇರುತ್ತದೆ.

ಕ್ಯಾನ್ಸರ್ ಅಲ್ಲದ ಮೂಳೆ ಗಡ್ಡೆಗಳಲ್ಲಿ ತುಂಬಾ ಸಾಮಾನ್ಯವಾದದ್ದು ಇದೇ. ಹೆಚ್ಚಾಗಿ ಮಂಡಿಯ ಸುತ್ತಮುತ್ತ, ತೋಳಿನ ಮೇಲ್ಭಾಗದಲ್ಲಿ ಬರುತ್ತದೆ. ಸೊಂಟದಲ್ಲಿ ಕಡಿಮೆ. ಆದರೆ ಸೊಂಟದಲ್ಲಿ ಬಂದಾಗ ಡಾಕ್ಟರುಗಳು ಸ್ವಲ್ಪ ಹುಷಾರಾಗಿರುತ್ತಾರೆ. ಅಪರೂಪಕ್ಕೆ ಆ ಟೋಪಿಯಲ್ಲೇ ಕಾಂಡ್ರೋಸಾರ್ಕೋಮ ಅನ್ನುವ ಕ್ಯಾನ್ಸರ್ ಹುಟ್ಟುವುದುಂಟು, ಅದು ಸೊಂಟದ ಗಡ್ಡೆಗಳಲ್ಲಿ ಕಾಣುವುದು ಹೆಚ್ಚು. ಎಲುಬು ಬೆಳೆಯುವುದು ನಿಂತ ಮೇಲೂ ಗಂಟು ಬೆಳೆದರೆ ಅನುಮಾನ. ಹೊಸದಾಗಿ ನೋವು ಬಂದರೆ ಅನುಮಾನ. ದೊಡ್ಡವರಲ್ಲಿ ಟೋಪಿಯ ದಪ್ಪ 2 ಸೆಂಟಿಮೀಟರ್ ದಾಟಿದರೆ ಇನ್ನೂ ಅನುಮಾನ.

ಈ ಹುಡುಗನ ಟೋಪಿ ಎಂಆರ್‌ಐಯಲ್ಲಿ 1.6 ಸೆಂಟಿಮೀಟರ್ ಇತ್ತು. ಗಡಿ ದಾಟಿರಲಿಲ್ಲ, ಆದರೆ ನೋವೂ ಇತ್ತು, ಬೆಳವಣಿಗೆಯ ದೂರೂ ಇತ್ತು. ರೇಡಿಯಾಲಜಿಯವರು ‘ಕಾಂಡ್ರೋಸಾರ್ಕೋಮ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು’ ಅಂತ ಬರೆದರು. ಸರಿಯಾಗಿಯೇ ಬರೆದರು. ಒಂದು ರಾತ್ರಿ ಅಡ್ಮಿಟ್ ಮಾಡಿಕೊಂಡು ಸೂಜಿ ಬಯಾಪ್ಸಿ ಮಾಡಿದರು. ಮರುದಿನ ಡಿಸ್ಚಾರ್ಜ್. ಸಮರಿಯಲ್ಲಿ ರೋಗದ ಹೆಸರಿನ ಜಾಗದಲ್ಲಿ ಹೀಗಿತ್ತು: ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ‘ಕಾಂಡ್ರೋಸಾರ್ಕೋಮ, ಎಡ ಇಲಿಯಮ್’.

ತಪ್ಪು ಹುಟ್ಟಿದ್ದು ಆ ಪ್ರಶ್ನಾರ್ಥಕ ಚಿಹ್ನೆಯಿಂದ.

ಪ್ರಶ್ನಾರ್ಥಕ ಚಿಹ್ನೆಗೆ ಕೋಡ್ ಇಲ್ಲ

ಫೈಲಿಗೆ ಕೋಡ್ ಹಾಕಿದವನು ನಮ್ಮ ವಿಭಾಗದ ಒಬ್ಬ ಹುಡುಗ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಯಾಕೆ ಸಿ41.4 ಹಾಕಿದೆ ಅಂತ ಕೇಳಿದೆ. ‘ಮೇಡಂ, ಬುಕ್ಕಲ್ಲಿ ಹಾಗೇ ಇದೆಯಲ್ಲ’ ಅಂದ. ಅವನು ಹೇಳಿದ್ದು ಸುಳ್ಳಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10ರ ಎರಡನೇ ಸಂಪುಟ ನಿಯಮಗಳ ಪುಸ್ತಕ. ಚಿಕಿತ್ಸೆಯ ಅವಧಿ ಮುಗಿದ ಮೇಲೂ ಮುಖ್ಯ ಕಾಯಿಲೆ ‘ಅನುಮಾನ’ ಅಂತಲೇ ಉಳಿದಿದ್ದರೆ, ಬೇರೆ ಯಾವ ಮಾಹಿತಿಯೂ ಇಲ್ಲದಿದ್ದರೆ, ಅದು ಖಚಿತವಾಗಿದೆ ಅನ್ನುವ ಹಾಗೆಯೇ ಕೋಡ್ ಹಾಕಬೇಕು ಅಂತ ಅದರಲ್ಲಿದೆ. ಅಮೆರಿಕದ ನಿಯಮವೂ ಒಳರೋಗಿಗಳ ಮಟ್ಟಿಗೆ ಹೆಚ್ಚುಕಡಿಮೆ ಇದೇ. ಹೊರರೋಗಿಗಳಿಗೆ ಮಾತ್ರ ಅಲ್ಲಿ ಅನುಮಾನಕ್ಕೆ ಕೋಡ್ ಹಾಕುವ ಹಾಗಿಲ್ಲ, ಲಕ್ಷಣಕ್ಕಷ್ಟೇ ಹಾಕಬೇಕು.

ಹಾಗಾದರೆ ಕೋಡ್ ಹಾಕಿದವನು ಎಡವಿದ್ದು ಎಲ್ಲಿ? ‘ಬೇರೆ ಯಾವ ಮಾಹಿತಿಯೂ ಇಲ್ಲದಿದ್ದರೆ’ ಅನ್ನುವ ಮಾತಿನಲ್ಲಿ. ಇಲ್ಲಿ ಮಾಹಿತಿ ದಾರಿಯಲ್ಲಿತ್ತು. ಬಯಾಪ್ಸಿ ತುಣುಕು ಲ್ಯಾಬ್‌ನಲ್ಲಿತ್ತು. ಮೂಳೆಯ ತುಣುಕನ್ನು ಸೀದಾ ಕತ್ತರಿಸಿ ನೋಡಲು ಬರುವುದಿಲ್ಲ. ಮೊದಲು ಆಸಿಡ್‌ನಂಥ ದ್ರವದಲ್ಲಿಟ್ಟು ಸುಣ್ಣದ ಅಂಶ ತೆಗೆದು ಮೆತ್ತಗೆ ಮಾಡಬೇಕು. ಅದಕ್ಕೇ ಮೂಳೆಯ ರಿಪೋರ್ಟ್ ಬೇರೆಯವುಗಳಿಗಿಂತ ತಡ. ನಮ್ಮಲ್ಲಿ ಈ ರಿಪೋರ್ಟ್ ಬರಲು ಎಂಟು ದಿನ ಹಿಡಿಯಿತು. ಫೈಲು ಮಾತ್ರ ಮೂರನೇ ದಿನಕ್ಕೇ ಮುಚ್ಚಿಹೋಗಿತ್ತು. ಡಿಸ್ಚಾರ್ಜ್ ಆದ 72 ಗಂಟೆಯೊಳಗೆ ಫೈಲು ಮುಗಿಸಬೇಕು ಅನ್ನುವುದು ನಮ್ಮ ಒಳಗಿನ ಲೆಕ್ಕ. ಕೋಡ್ ಹಾಕಿದವನು ಆ ಲೆಕ್ಕ ತಪ್ಪಿಸಲಿಲ್ಲ.

ರಿಪೋರ್ಟ್ ಬಂತು. ಆಸ್ಟಿಯೋಕಾಂಡ್ರೋಮಕ್ಕೆ ಹೊಂದುತ್ತದೆ, ಕೆಟ್ಟ ಕೋಶಗಳು ಕಂಡಿಲ್ಲ ಅಂತ ಇತ್ತು. ಡಾಕ್ಟರು ಓದಿದರು, ಹುಡುಗನಿಗೆ ಹೇಳಿದರು, ಅಪ್ಪ ಅಮ್ಮ ನಿಟ್ಟುಸಿರು ಬಿಟ್ಟರು. ಹಾಳೆ ಬಂದು ಫೈಲಿನಲ್ಲಿ ಸೇರಿತು. ಕೋಡ್ ಬದಲಾಗಲಿಲ್ಲ. ಬದಲಾಯಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ಯಾಕಂದ್ರೆ ಆ ಕೋಡ್ ಡಾಕ್ಟರ ಕಣ್ಣಿಗೂ ಬೀಳುವುದಿಲ್ಲ, ರೋಗಿಯ ಕಣ್ಣಿಗೂ ಬೀಳುವುದಿಲ್ಲ.

ಎರಡು ತಿಂಗಳ ಮೇಲೆ ಆಪರೇಷನ್‌ಗೆ ಬಂದ. ನೋವಿತ್ತು, ಅನುಮಾನ ಪೂರ್ತಿ ಹೋಗಿರಲಿಲ್ಲ, ಆದ್ದರಿಂದ ಗಂಟನ್ನು ಟೋಪಿಯ ಸಮೇತ ತೆಗೆಯುವುದು ಅಂತ ತೀರ್ಮಾನವಾಗಿತ್ತು. ಕ್ಯಾಶ್‌ಲೆಸ್ ಅರ್ಜಿ ತುಂಬುವಾಗ ಸಾಫ್ಟ್‌ವೇರ್ ಹಳೆಯ ಕೋಡನ್ನು ತಾನೇ ಎಳೆದು ತಂದು ಕೂರಿಸಿತು. ಕೌಂಟರಿನವರು ಅದನ್ನೇ ಕಳಿಸಿದರು. ಸಿ41.4 ನೋಡಿ ಕಂಪನಿ ಬೇಗನೇ ಒಪ್ಪಿಗೆ ಕೊಟ್ಟಿತು. ಆಪರೇಷನ್ ಚೆನ್ನಾಗಿ ಆಯಿತು. ಇಡೀ ಗಡ್ಡೆ ಲ್ಯಾಬ್‌ಗೆ ಹೋಯಿತು. ಆ ರಿಪೋರ್ಟ್‌ನಲ್ಲಿ ಯಾವ ಅನುಮಾನವೂ ಉಳಿಯಲಿಲ್ಲ: ಆಸ್ಟಿಯೋಕಾಂಡ್ರೋಮ, ಟೋಪಿಯ ದಪ್ಪ 1.2 ಸೆಂಟಿಮೀಟರ್, ಕ್ಯಾನ್ಸರ್ ಇಲ್ಲ. ಎರಡನೇ ಡಿಸ್ಚಾರ್ಜ್ ಸಮರಿಯಲ್ಲಿ ಅದೇ ಬಂತು. ಟಿಪಿಎಯವರ ಪ್ರಶ್ನೆ ಹುಟ್ಟಿದ್ದು ಆಗ.

‘ಪೆಲ್ವಿಸ್’ ಅನ್ನುವ ಒಂದು ಪದ

ಸರಿಯಾದ ಕೋಡ್ ಯಾವುದು ಅಂತ ಹುಡುಕುವಾಗ ಎರಡು ಪ್ರಶ್ನೆ ಕೇಳಬೇಕು. ಗಡ್ಡೆ ಎಲ್ಲಿದೆ? ಅದರ ಗುಣ ಏನು? ಮೂಳೆ ಗಡ್ಡೆಯ ಕೋಡಿಂಗ್‌ನಲ್ಲಿ ಮಿಕ್ಕಿದ್ದೆಲ್ಲ ಇವೆರಡರ ಹಿಂದೆ ಬರುತ್ತದೆ.

ಮೊದಲು ‘ಎಲ್ಲಿ’. ಇದು ಸುಲಭ ಅನ್ನಿಸಬಹುದು, ಆದರೆ ನಾನು ತುಂಬಾ ಸಲ ಎಡವಿದ್ದು ಇಲ್ಲೇ. ಪೆಲ್ವಿಸ್ ಅನ್ನುವುದು ವೈದ್ಯರ ಬಾಯಲ್ಲಿ ಮೂರು ಬೇರೆ ಬೇರೆ ವಸ್ತು. ಸೊಂಟದ ಮೂಳೆಗಳ ಚೌಕಟ್ಟೂ ಪೆಲ್ವಿಸ್. ಆ ಚೌಕಟ್ಟಿನ ಒಳಗಿನ ಜಾಗ, ನಾವು ಕಿಬ್ಬೊಟ್ಟೆ ಅನ್ನುತ್ತೇವಲ್ಲ, ಅದೂ ಪೆಲ್ವಿಸ್. ಕಿಡ್ನಿಯಲ್ಲಿ ಮೂತ್ರ ಸೇರುವ ಆಲಿಕೆಯಂಥ ಭಾಗಕ್ಕೂ ರೀನಲ್ ಪೆಲ್ವಿಸ್ ಅನ್ನುತ್ತಾರೆ.

ಹಾಗಾಗಿ ಬರೀ ‘ಪೆಲ್ವಿಕ್ ಮಾಸ್’ ಅಂತ ಬರೆದ ಚೀಟಿ ಹಿಡಿದು ಪುಸ್ತಕದಲ್ಲಿ ಹುಡುಕಿದರೆ ಆರ್19.0 ಸಿಗುತ್ತದೆ. ಅದು ಹೊಟ್ಟೆ, ಕಿಬ್ಬೊಟ್ಟೆಯ ಊತದ ಕೋಡ್. ನಿಜ ಹೇಳಬೇಕೆಂದರೆ ಈ ಹುಡುಗನ ಮೊದಲ ಓಪಿಡಿ ಚೀಟಿಯಲ್ಲಿ ಅದೇ ಇತ್ತು. ಗಡ್ಡೆಗಳ ಪಟ್ಟಿಯಲ್ಲಿ ‘ಪೆಲ್ವಿಸ್’ ಅಂತ ನೋಡಿ ಬಿನೈನ್, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆಗಳ, ಕಾಲಂಗೆ ಹೋದರೆ ಡಿ36.7, ಅಂದರೆ ‘ಇತರ ನಿರ್ದಿಷ್ಟ ಜಾಗಗಳು’. ಅದೇ ಜಾಗದ ಸ್ನಾಯು, ಕೊಬ್ಬಿನ ನಡುವಿನ ಮೆದು ಅಂಗಾಂಶದ ಗಡ್ಡೆಯಾದರೆ ಡಿ21.5. ಕಿಡ್ನಿಯ ಪೆಲ್ವಿಸ್ ಆದರೆ ಡಿ30.1. ‘ಮೂಳೆ’ ಅನ್ನುವ ಸಾಲಿಗೆ ಹೋಗಿ, ಅದರೊಳಗೆ ಪೆಲ್ವಿಸ್ ಹುಡುಕಿದಾಗ ಮಾತ್ರ ನಮಗೆ ಬೇಕಾದ ಡಿ16.8 ಸಿಗುತ್ತದೆ.

ಡಿ16.8ರ ಪೂರ್ತಿ ಹೆಸರು ‘ಪೆಲ್ವಿಸ್ ಮೂಳೆಗಳು, ಸೇಕ್ರಮ್ ಮತ್ತು ಕಾಕ್ಸಿಕ್ಸ್‌ನ ಬಿನೈನ್ ಗಡ್ಡೆ’. ಇಲಿಯಮ್, ಕೂತಾಗ ಭಾರ ಹೊರುವ ಇಸ್ಕಿಯಮ್, ಮುಂದಿನ ಪ್ಯೂಬಿಸ್, ತೊಡೆಯ ಮೂಳೆಯ ಗುಂಡು ಕೂರುವ ಬಟ್ಟಲಾದ ಅಸಿಟಾಬುಲಮ್, ಎಲ್ಲವೂ ಇದರಲ್ಲೇ. ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕೋನದ ಮೂಳೆ ಸೇಕ್ರಮ್, ಅದರ ಕೆಳಗಿನ ಬಾಲದ ಮೂಳೆ ಕಾಕ್ಸಿಕ್ಸ್. ಇವೆರಡೂ ಬೆನ್ನುಮೂಳೆಗೇ ಸೇರಿದವು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡು ಬೆನ್ನುಮೂಳೆಯ ಡಿ16.6 ಹಾಕಿದ ಫೈಲುಗಳನ್ನು ನಾನು ತಿದ್ದಿದ್ದೇನೆ. ಐಸಿಡಿ ಈ ಎರಡು ಮೂಳೆಗಳನ್ನು ಬೆನ್ನಿನಿಂದ ಬಿಡಿಸಿ ಸೊಂಟಕ್ಕೆ ಸೇರಿಸಿದೆ.

ಇನ್ನೊಂದು ಕಡೆ ‘ಹಿಪ್’ ಅನ್ನುವ ಪದ ಕಾಡುತ್ತದೆ. ಹಿಪ್‌ನಲ್ಲಿ ಗಡ್ಡೆ ಅಂತ ಬರೆದಿದ್ದರೆ ಅದು ಬಟ್ಟಲಿನದೋ, ಬಟ್ಟಲಿನಲ್ಲಿ ಕೂತ ತೊಡೆಮೂಳೆಯದೋ? ತೊಡೆಮೂಳೆಯದಾದರೆ ಡಿ16.2, ಕಾಲಿನ ಉದ್ದ ಮೂಳೆಗಳ ಕೋಡ್. ಎರಡೂ ಕೀಲಿನ ಆಚೆ ಈಚೆ, ನಡುವೆ ಇರುವುದು ಕೆಲವು ಮಿಲಿಮೀಟರ್. ಕೋಡ್ ಬೇರೆ. ಇಂಥ ಕಡೆ ಆಪರೇಷನ್ ನೋಟ್ಸ್ ಓದದೆ ಕೋಡ್ ಹಾಕಬಾರದು.

ಎಡ ಬಲದ ವಿಷಯವನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಪುಸ್ತಕದಲ್ಲಿ ಕಾಲಿನ ಮೂಳೆಗೆ ಎಡ, ಬಲ ಅಂತ ಬೇರೆ ಬೇರೆ ಕೋಡ್ ಇದೆ. ಡಿ16.8ಕ್ಕೆ ಅಲ್ಲೂ ಇಲ್ಲ. ಆಪರೇಷನ್ನಿನ ಕೋಡ್‌ನಲ್ಲಿ ಮಾತ್ರ ಬರುತ್ತದೆ. ನಮ್ಮ ಕ್ಲೇಮ್ ಫಾರಂನಲ್ಲಿ ಆಪರೇಷನ್ನಿನ ಕೋಡ್‌ಗೆ ಬೇರೆ ಜಾಗವಿದೆ, ರೋಗದ ಕೋಡ್‌ನಲ್ಲಿ ಎಡ ಬಲ ಬರುವುದಿಲ್ಲ. ಆದ್ದರಿಂದ ‘ಎಡ’ ಅನ್ನುವುದು ರೋಗದ ವಿವರಣೆಯಲ್ಲಿ ಮಾತಿನಲ್ಲೇ ಇರಬೇಕು.

ಗುಣ

ಗಡ್ಡೆಯ ಗುಣವನ್ನು ತೀರ್ಮಾನಿಸುವುದು ಲ್ಯಾಬ್‌ನಲ್ಲಿ ತುಣುಕು ನೋಡುವ ಪೆಥಾಲಜಿಯವರು. ನಾವಲ್ಲ, ಎಂಆರ್‌ಐಯೂ ಅಲ್ಲ. ಗಡ್ಡೆಗಳಿಗೆ ಐಸಿಡಿ-ಓ ಅಂತ ಬೇರೆ ಕೋಡ್ ಇದೆ. ಅದರಲ್ಲಿ ಕೊನೆಯ ಅಂಕಿಯೇ ಗುಣ. ಸೊನ್ನೆ ಇದ್ದರೆ ಬಿನೈನ್. ಒಂದು ಇದ್ದರೆ ಹೀಗೇ ಅಂತ ಹೇಳಲಾಗದ್ದು. ಮೂರು ಇದ್ದರೆ ಕ್ಯಾನ್ಸರ್. ಆಸ್ಟಿಯೋಕಾಂಡ್ರೋಮ 9210/0. ಈ ಕೊನೆಯ ಸೊನ್ನೆ ಸಿ41.4 ಮತ್ತು ಡಿ16.8 ನಡುವಿನ ಗೋಡೆ.

ಸೊಂಟದ ಮೂಳೆಯಲ್ಲಿ ಬರುವ, ಜನ ಸುಮ್ನೆ ‘ಬಿನೈನ್’ ಅಂದುಬಿಡುವ ಎಲ್ಲವೂ ಡಿ16.8 ಅಲ್ಲ. ಜೈಂಟ್ ಸೆಲ್ ಟ್ಯೂಮರ್ ಸೇಕ್ರಮ್‌ನಲ್ಲಿ ಬರುತ್ತದೆ. ಮೂಳೆಯ ಆ ಗಡ್ಡೆ 9250/1, ಕೊನೆಯ ಅಂಕಿ ಒಂದು, ಹಾಗಾಗಿ ಡಿ48.0. ಅನ್ಯೂರಿಸ್ಮಲ್ ಬೋನ್ ಸಿಸ್ಟ್ ಅನ್ನುವ ರಕ್ತ ತುಂಬಿದ ಪೊಳ್ಳು, ಗಡ್ಡೆಗಳ ಅಧ್ಯಾಯದಲ್ಲೇ ಇಲ್ಲ, ಮೂಳೆ ಕಾಯಿಲೆಗಳ ಅಧ್ಯಾಯದಲ್ಲಿ ಎಂ85.5ರಲ್ಲಿದೆ. ಒಂದೇ ಮೂಳೆಯ ಫೈಬ್ರಸ್ ಡಿಸ್ಪ್ಲೇಸಿಯಾ ಎಂ85.0. ಅದೇ ಹಲವು ಮೂಳೆಗಳಲ್ಲಿದ್ದರೆ ಕ್ಯೂ78.1, ಹುಟ್ಟಿನಿಂದ ಬಂದ ದೋಷಗಳ ಅಧ್ಯಾಯ. ಎಕ್ಸ್‌ರೇಯಲ್ಲಿ ಇವೆಲ್ಲ ಅಕ್ಕತಂಗಿಯರ ಹಾಗೆ ಕಾಣಬಹುದು. ಪುಸ್ತಕದಲ್ಲಿ ಒಬ್ಬೊಬ್ಬರದು ಒಂದೊಂದು ಮನೆ.

ಬಯಾಪ್ಸಿ ಬರುವ ತನಕ ಏನು ಹಾಕಬೇಕು? ಬೆಂಗಳೂರಿನಲ್ಲಿ ಅಮೆರಿಕದ ಫೈಲು ನೋಡಿ ಬಂದ ನಮ್ಮಂಥವರು ಹುಷಾರಾಗಿರಬೇಕಾದ ಜಾಗ ಇದು. ಅಮೆರಿಕದವರು 2015ರ ಅಕ್ಟೋಬರ್ 1ರಿಂದ ಬಳಸುತ್ತಿರುವ ಪುಸ್ತಕದಲ್ಲಿ ಎರಡು ಬೇರೆ ಗುಂಪು ಇದೆ. ಪೆಥಾಲಜಿಯವರೇ ನೋಡಿ ‘ಹೀಗೇ ಅಂತ ಹೇಳಲಾಗದು’ ಅಂದರೆ ಡಿ48. ಇನ್ನೂ ಯಾರೂ ನೋಡಿಲ್ಲದಿದ್ದರೆ, ಗುಣ ಬರೆದಿಲ್ಲದಿದ್ದರೆ ಡಿ49. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10ರಲ್ಲಿ ಡಿ49 ಇಲ್ಲವೇ ಇಲ್ಲ. ಡಿ37ರಿಂದ ಡಿ48ರ ಗುಂಪಿನ ಹೆಸರಲ್ಲೇ ‘ಅನಿಶ್ಚಿತ ಅಥವಾ ಗೊತ್ತಿಲ್ಲದ’ ಅಂತ ಎರಡೂ ಸೇರಿಕೊಂಡಿವೆ. ನಾನೇ ಮೊದಲ ತಿಂಗಳು ಇಲ್ಲಿ ಡಿ49.2 ಹಾಕಿ, ಸಾಫ್ಟ್‌ವೇರ್ ತಗೊಳ್ಳದೆ ಕಂಗಾಲಾಗಿದ್ದೆ.

ಈ ಹುಡುಗನ ಫೈಲಿನಲ್ಲಿ ಆ ಪ್ರಶ್ನೆಯೇ ಬೇಕಿರಲಿಲ್ಲ. ಎಂಟು ದಿನ ಫೈಲು ತೆರೆದಿಟ್ಟಿದ್ದರೆ ಸಾಕಿತ್ತು.

ಮಂಡಿಯ ಉಬ್ಬು

ಡಿ16.8 ಅಂತ ಬರೆಯಲು ಹೊರಟವಳು ಫೈಲನ್ನು ಇನ್ನೊಂದು ಸಲ ಪೂರ್ತಿ ಓದಿದೆ. ಅಡ್ಮಿಷನ್ ದಿನ ಕಿರಿಯ ಡಾಕ್ಟರೊಬ್ಬರು ಬರೆದ ಒಂದು ಸಾಲು ಕಣ್ಣಿಗೆ ಬಿತ್ತು. ‘ಬಲ ಮಂಡಿಯ ಕೆಳಗೂ ಗಟ್ಟಿ ಉಬ್ಬು, ಚಿಕ್ಕಂದಿನಿಂದ.’

ಇಲ್ಲಿ ನಿಲ್ಲಬೇಕಾಯಿತು. ಆಸ್ಟಿಯೋಕಾಂಡ್ರೋಮ ಒಂಟಿಯಾಗಿ ಬಂದರೆ ಡಿ16. ಮೈತುಂಬಾ ಹಲವು ಕಡೆ, ವಂಶವಾಹಿಯಿಂದ ಬಂದಿದ್ದರೆ ಅದು ಬೇರೆಯೇ ಕಾಯಿಲೆ. ಮಲ್ಟಿಪಲ್ ಎಕ್ಸೋಸ್ಟೋಸಿಸ್ ಅನ್ನುತ್ತಾರೆ. ಹೆಚ್ಚಾಗಿ ಇಎಕ್ಸ್‌ಟಿ1 ಅಥವಾ ಇಎಕ್ಸ್‌ಟಿ2 ಅನ್ನುವ ಜೀನಿನ ತೊಂದರೆಯಿಂದ ಬರುತ್ತದೆ, ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದರೂ ಸಾಕು. ಅದರ ಕೋಡ್ ಕ್ಯೂ78.6. ಆ ರೋಗಿಗಳಲ್ಲಿ ಗಡ್ಡೆ ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆ ಒಂಟಿ ಗಡ್ಡೆಯವರಿಗಿಂತ ಜಾಸ್ತಿ, ಆದ್ದರಿಂದ ವರ್ಷ ವರ್ಷ ನೋಡುತ್ತಿರಬೇಕು. ಮಕ್ಕಳಿಗೂ ಹೋಗಬಹುದು. ಕೋಡ್ ಬದಲಾದರೆ ಇಡೀ ಕುಟುಂಬದ ವಿಷಯ ಬದಲಾಗುತ್ತದೆ.

ಎರಡು ಉಬ್ಬು ಕಂಡ ಮಾತ್ರಕ್ಕೆ ಕೋಡರ್ ಆ ತೀರ್ಮಾನಕ್ಕೆ ಬರುವ ಹಾಗಿಲ್ಲ. ಕೇಳಬಹುದು, ಅಷ್ಟೇ. ಕೇಳುವುದಕ್ಕೂ ಒಂದು ಕ್ರಮ ಇದೆ. ‘ಇದನ್ನು ಮಲ್ಟಿಪಲ್ ಎಕ್ಸೋಸ್ಟೋಸಿಸ್ ಅಂತ ಬರೆಯಲೇ?’ ಅಂತ ಕೇಳಿದರೆ ಅದು ಉತ್ತರವನ್ನು ನಾವೇ ಬಾಯಿಗಿಟ್ಟ ಹಾಗೆ. ನಾನು ಬರೆದದ್ದು ಹೀಗೆ: ‘ಸಾರ್, ಅಡ್ಮಿಷನ್ ನೋಟಿನಲ್ಲಿ ಬಲ ಮಂಡಿಯ ಕೆಳಗೆ ಉಬ್ಬು ಇದೆ ಅಂತ ಇದೆ. ಅದರ ಕಾರಣ ಏನು ಅಂತ ದಯವಿಟ್ಟು ದಾಖಲಿಸಿ. ಕಾರಣ ಗೊತ್ತಿಲ್ಲದಿದ್ದರೆ ಹಾಗಂತಲೇ ಬರೆಯಿರಿ.’

ಮೂಳೆ ಡಾಕ್ಟರು ಮರುದಿನವೇ ಕರೆದರು. ಮಂಡಿಯ ಎಕ್ಸ್‌ರೇ ಅವರ ಹತ್ತಿರ ಇತ್ತು, ಫೈಲಿಗೆ ಸೇರಿರಲಿಲ್ಲ. ಹುಡುಗ ಹೈಸ್ಕೂಲಿನಲ್ಲಿ ಕಬಡ್ಡಿ ಆಡುತ್ತಿದ್ದ. ಬೆಳೆಯುವ ವಯಸ್ಸಿನಲ್ಲಿ ಜಾಸ್ತಿ ಓಡಿ ಜಿಗಿಯುವ ಮಕ್ಕಳಿಗೆ ಮಂಡಿಚಿಪ್ಪಿನ ಕೆಳಗೆ, ಸ್ನಾಯುವಿನ ಪಟ್ಟಿ ಮೂಳೆಗೆ ಅಂಟುವ ಜಾಗ ಎಳೆತಕ್ಕೆ ಸಿಕ್ಕಿ ನೋವಾಗುತ್ತದೆ. ಆಸ್‌ಗುಡ್-ಶ್ಲಾಟರ್ ಅಂತ ಹೆಸರು. ನೋವು ಹೋದ ಮೇಲೂ ಉಬ್ಬು ಉಳಿದುಬಿಡುವುದುಂಟು. ಇವನದು ಅದೇ. ಗಡ್ಡೆ ಅಲ್ಲ. ಮನೆಯಲ್ಲಿ ಬೇರೆ ಯಾರಿಗೂ ಮೂಳೆ ಗಂಟು ಇಲ್ಲ ಅಂತಲೂ ಡಾಕ್ಟರು ಕೇಳಿ ಬರೆದುಕೊಂಡರು. ಡಿ16.8 ಗಟ್ಟಿಯಾಯಿತು.

‘ಒಳ್ಳೇ ಪ್ರಶ್ನೆ ಕೇಳಿದ್ರಿ’ ಅಂದರು. ಆ ಮಾತು ನನಗೆ ಎಷ್ಟು ಖುಷಿ ಕೊಟ್ಟಿತು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.

ಅಪ್ಪ

ನಿಜವಾದ ಕಷ್ಟ ಇಲ್ಲಿಂದ ಮುಂದೆ.

ಹುಡುಗನ ಅಪ್ಪನದು ಚಿಕ್ಕ ಹಾರ್ಡ್‌ವೇರ್ ಅಂಗಡಿ. ಮನೆಮಂದಿಗೆಲ್ಲ ಸೇರಿ ಒಂದು ಪಾಲಿಸಿ. ಅದು ಶುರುವಾಗಿ 19 ತಿಂಗಳು. ಪಾಲಿಸಿಯ ಪುಸ್ತಕದಲ್ಲಿ ಒಂದು ಪಟ್ಟಿ ಇತ್ತು. ನಮ್ಮಲ್ಲಿ ಸಾಕಷ್ಟು ಪಾಲಿಸಿಗಳಲ್ಲಿ ಇರುವ ಪಟ್ಟಿಯೇ. ಮೊದಲ 24 ತಿಂಗಳು ಕೆಲವು ಕಾಯಿಲೆಗೆ ಹಣ ಇಲ್ಲ. ಕ್ಯಾಟರಾಕ್ಟ್, ಟಾನ್ಸಿಲ್, ಗರ್ಭಕೋಶದ ಆಪರೇಷನ್, ಹೀಗೆ. ಆ ಪಟ್ಟಿಯಲ್ಲೇ ಒಂದು ಸಾಲು: ಒಳಗಿನ ಮತ್ತು ಹೊರಗಿನ ಎಲ್ಲ ಬಿನೈನ್ ಗಡ್ಡೆಗಳು, ಸಿಸ್ಟ್‌ಗಳು, ಪಾಲಿಪ್‌ಗಳು.

ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ.

ಅರ್ಥ ಆಯಿತಲ್ವಾ? ಸಿ41.4 ಇದ್ದರೆ ಹಣ ಬರುತ್ತದೆ. ಡಿ16.8 ಆದರೆ ಬರುವುದಿಲ್ಲ. ಬಿಲ್ಲು ಎರಡು ಲಕ್ಷ ಚಿಲ್ಲರೆ.

ಬಿಲ್ಲಿಂಗ್‌ನವರು ವಿಷಯ ಹೇಳಿದ ಮೇಲೆ ಅಪ್ಪ ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನ ತುಂಬಾ ಕಾಗದ. ಕೂರಿ ಅಂದರೂ ಕೂರಲಿಲ್ಲ. ‘ಮೇಡಂ, ಕಂಪ್ಯೂಟರಲ್ಲಿ ಕ್ಯಾನ್ಸರ್ ಅಂತಾನೇ ಇರ್ಲಿ ಬಿಡಿ. ಅದಲ್ಲ ಅಂತ ನಮಗೆ ಗೊತ್ತಲ್ಲ. ನಮ್ಮ ಹುಡುಗ ಚೆನ್ನಾಗಿದ್ದಾನೆ, ಸಾಕು. ಒಂದು ಅಕ್ಷರ ತಾನೆ?’

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮೊದಲು ತಪ್ಪು ಬರೆದದ್ದು ನಾವು. ಕ್ಯಾಶ್‌ಲೆಸ್ ಒಪ್ಪಿಗೆ ಬಂದಿದೆ ಅಂತ ಧೈರ್ಯ ಹೇಳಿ ಆಪರೇಷನ್‌ಗೆ ಕಳಿಸಿದ್ದೂ ನಾವು. ಈಗ ನಾವೇ ತಿದ್ದಿ ಬಿಲ್ಲು ಅವರ ಕೈಗಿಡುತ್ತಿದ್ದೇವೆ. ಅವರ ಜಾಗದಲ್ಲಿ ನಾನಿದ್ದರೂ ಅದೇ ಕೇಳುತ್ತಿದ್ದೆ.

ಆದರೂ ಆಗುವುದಿಲ್ಲ ಅಂದೆ. ಕಾರಣ ಬಿಡಿಸಿ ಹೇಳಿದೆ. ಲ್ಯಾಬ್ ರಿಪೋರ್ಟ್ ಒಂದು ಹೇಳುವಾಗ ಕೋಡ್ ಇನ್ನೊಂದು ಹೇಳಿದರೆ ಅದು ಸುಳ್ಳು ಕ್ಲೇಮ್. ಅದನ್ನು ಬದಿಗಿಟ್ಟು ಹುಡುಗನದ್ದೇ ನೋಡಿ. ಇವತ್ತು ಸಿ41.4 ಉಳಿದರೆ ಮುಂದಿನ ಸಲ ಚೆಕಪ್‌ಗೆ ಬಂದಾಗ ಕ್ಯಾನ್ಸರ್ ಚಿಕಿತ್ಸೆ ಮುಗಿದವರ ಕೋಡ್ ಝಡ್08 ಬೀಳುತ್ತದೆ. ಆಮೇಲೆ ಅವನ ಹೆಸರಿನ ಮುಂದೆ ‘ಹಿಂದೆ ಕ್ಯಾನ್ಸರ್ ಇತ್ತು’ ಅನ್ನುವ ಝಡ್85. ಅದು ಹೋಗುವುದೇ ಇಲ್ಲ. ನಾಳೆ ಅವನು ಟರ್ಮ್ ಇನ್ಶೂರೆನ್ಸ್‌ಗೆ ಅರ್ಜಿ ಹಾಕುತ್ತಾನೆ. ಕೆಲಸಕ್ಕೆ ಸೇರುವಾಗ ಮೆಡಿಕಲ್ ಕೇಳುತ್ತಾರೆ. ಮುಂದೆ ಎಲ್ಲೋ ಬೆನ್ನು ನೋವು ಅಂತ ಹೋದರೆ, ಹಳೆಯ ದಾಖಲೆ ನೋಡಿದ ಡಾಕ್ಟರು ಮೊದಲು ಹುಡುಕುವುದು ಕ್ಯಾನ್ಸರ್ ಹರಡಿದೆಯಾ ಅಂತ. ಅವನಿಗೆ 21 ವರ್ಷ. ಅಷ್ಟೂ ವರ್ಷ ಇಲ್ಲದ ಕಾಯಿಲೆಯನ್ನು ಹೊತ್ತು ತಿರುಗಬೇಕು.

ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕವರಿನಿಂದ ಕಾಗದ ತೆಗೆಯುತ್ತಾ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, ‘ಹಳೇ ಕಂಪನೀಲೇ ಇರಬೇಕಿತ್ತು. ಸುಮ್ನೆ ಬದಲಾಯಿಸಿಕೊಂಡ್ವಿ’ ಅಂದರು.

ಹಳೇ ಕಂಪನಿ? ನಾನು ಆ ಕವರು ತಗೊಂಡು ಮೇಜಿನ ಮೇಲೆ ಸುರಿದೆ. ಹೌದು, ಅದಕ್ಕೂ ಮುಂಚೆ ಬೇರೆ ಕಂಪನಿಯಲ್ಲಿ ನಾಲ್ಕು ವರ್ಷ ಪಾಲಿಸಿ ಇತ್ತು, ಒಂದು ದಿನವೂ ಬಿಡದ ಹಾಗೆ. ಮೊಬೈಲ್ ನಂಬರ್ ಪೋರ್ಟ್ ಮಾಡಿಸುವ ಹಾಗೆ ಪಾಲಿಸಿಯನ್ನು ಪೋರ್ಟ್ ಮಾಡಿಸಿದ್ದರು. ನಮ್ಮ ದೇಶದಲ್ಲಿ ಆರೋಗ್ಯ ಪಾಲಿಸಿಗೆ ಈ ಅನುಕೂಲ 2011ರ ಅಕ್ಟೋಬರ್ 1ರಿಂದ ಇದೆ. ಹಳೆಯ ಪಾಲಿಸಿಯಲ್ಲಿ ಕಾದ ಅವಧಿ ಹೊಸ ಪಾಲಿಸಿಗೂ ಲೆಕ್ಕಕ್ಕೆ ಬರಬೇಕು, ಹಳೆಯ ವಿಮೆಯ ಮೊತ್ತದ ಮಟ್ಟಿಗೆ. ಹಳೆಯದು ಮೂರು ಲಕ್ಷದ ಪಾಲಿಸಿ. ಬಿಲ್ಲು ಅದರೊಳಗೇ ಇತ್ತು. 24 ತಿಂಗಳ ಕಾಯುವಿಕೆ ಯಾವಾಗಲೋ ಮುಗಿದಿತ್ತು! ಎಲ್ಲರೂ ಹೊಸ ಪಾಲಿಸಿಯ ಶುರುವಿನ ದಿನಾಂಕ ಮಾತ್ರ ನೋಡಿದ್ದೆವು.

ತಿದ್ದಿದ್ದು

ತಿದ್ದುವುದು ಅಂದರೆ ಅಳಿಸುವುದಲ್ಲ. ಮೊದಲ ಡಿಸ್ಚಾರ್ಜ್ ಸಮರಿಗೆ ಡಾಕ್ಟರು ಒಂದು ಸೇರ್ಪಡೆ ಬರೆದರು: ಬಯಾಪ್ಸಿ ರಿಪೋರ್ಟ್ ಬಂದ ದಿನಾಂಕ, ಅದರ ಫಲಿತಾಂಶ, ಸಹಿ. ಹಳೆಯ ಸಾಲು ಓದುವ ಹಾಗೆಯೇ ಉಳಿಯಿತು. ಆ ಬಯಾಪ್ಸಿ ಮೊದಲ ಅಡ್ಮಿಷನ್‌ನಲ್ಲೇ ಆದದ್ದರಿಂದ ಆ ದಾಖಲೆಗೂ ಡಿ16.8. ಎರಡನೆಯದಕ್ಕೂ ಡಿ16.8, ಜೊತೆಗೆ 9210/0. ಕಂಪ್ಯೂಟರಿನಲ್ಲಿ ಹಳೆಯ ಕೋಡ್ ಯಾಕೆ, ಯಾವಾಗ, ಯಾರಿಂದ ಬದಲಾಯಿತು ಅನ್ನುವುದು ದಾಖಲಾಯಿತು.

ಟಿಪಿಎಗೆ ನಾವು ಬರೆದ ಪತ್ರದಲ್ಲಿ ತಪ್ಪು ನಮ್ಮದು ಅಂತ ಮೊದಲ ಸಾಲಿನಲ್ಲೇ ಹೇಳಿದೆವು. ಆಡಳಿತದವರಿಗೆ ಆ ಸಾಲು ಇಷ್ಟವಿರಲಿಲ್ಲ. ಅದಿಲ್ಲದೆ ಮಿಕ್ಕ ಪತ್ರಕ್ಕೆ ಅರ್ಥ ಇರುವುದಿಲ್ಲ ಅಂತ ಹಟ ಹಿಡಿದೆ. ಎರಡೂ ಲ್ಯಾಬ್ ರಿಪೋರ್ಟ್, ಡಾಕ್ಟರ ಸೇರ್ಪಡೆ, ಹಳೆಯ ಪಾಲಿಸಿಯ ನಾಲ್ಕು ವರ್ಷದ ಕಾಗದ ಜೊತೆಗಿಟ್ಟೆವು. ಗಂಟು ಐದು ವರ್ಷದಿಂದ ಇತ್ತಲ್ಲ, ಅದು ಪಾಲಿಸಿಗೂ ಮುಂಚಿನ ಕಾಯಿಲೆಯೇ ಅಂತ ಇನ್ನೊಂದು ಪ್ರಶ್ನೆ ಬಂತು. ಹಳೆಯ ಪಾಲಿಸಿ ಸೇರಿಸಿದರೆ ಐದೂವರೆ ವರ್ಷ ಆಗುತ್ತಿತ್ತು, ಗಂಟು ಕೈಗೆ ಸಿಕ್ಕಿದ್ದು ಅದಾದ ಮೇಲೆ. ಅಲ್ಲಿಗೆ ಮುಗಿಯಿತು. ಮೂರು ವಾರದಲ್ಲಿ ಹಣ ಬಂತು, ಡಿ16.8 ಅನ್ನುವ ಕೋಡಿನ ಮೇಲೆಯೇ.

ಹಳೆಯ ಪಾಲಿಸಿ ಇಲ್ಲದೇ ಇದ್ದಿದ್ದರೆ? ಆಗಲೂ ಡಿ16.8 ಅಂತಲೇ ಬರೆಯುತ್ತಿದ್ದೆ. ಬಿಲ್ಲು ಕಡಿಮೆ ಮಾಡಿ ಅಂತ ಆಡಳಿತದವರ ಮುಂದೆ ನಾನೇ ಹೋಗಿ ನಿಲ್ಲುತ್ತಿದ್ದೆ. ಅವರು ಒಪ್ಪುತ್ತಿದ್ದರು ಅಂತ ಹೇಳಲಾರೆ. ಆ ಅಪ್ಪನ ಮುಖ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಹುಡುಗ ಆರು ತಿಂಗಳ ಮೇಲೆ ಚೆಕಪ್‌ಗೆ ಬಂದ. ಎಕ್ಸ್‌ರೇ ಚೆನ್ನಾಗಿತ್ತು. ಅವತ್ತಿನ ಫೈಲಿಗೆ ಝಡ್09.0, ಆಪರೇಷನ್ ನಂತರದ ತಪಾಸಣೆ. ಜೊತೆಗೆ ಝಡ್86.0, ಹಿಂದೆ ಬೇರೆ ಬಗೆಯ ಗಡ್ಡೆ ಇತ್ತು. ಝಡ್85ಕ್ಕೂ ಝಡ್86ಕ್ಕೂ ನಡುವೆ ಒಂದೇ ಅಂಕಿ.

ನಮ್ಮ ವಿಭಾಗದಲ್ಲಿ ಈಗ ಕಿಟಕಿಯ ಪಕ್ಕ ಒಂದು ಬೇರೆ ರ್‍ಯಾಕ್ ಇದೆ. ಬಯಾಪ್ಸಿ ರಿಪೋರ್ಟ್ ಬಾಕಿ ಇರುವ ಫೈಲುಗಳು ಅಲ್ಲಿಗೆ ಹೋಗುತ್ತವೆ, 72 ಗಂಟೆಯ ಲೆಕ್ಕ ಅವಕ್ಕಿಲ್ಲ. ರ್‍ಯಾಕ್ ನೋಡಿಕೊಳ್ಳುವವನು ಸಿ41.4 ಬರೆದ ಆ ಹುಡುಗನೇ. ದಿನಾ ಬೆಳಿಗ್ಗೆ ಲ್ಯಾಬ್‌ಗೆ ಫೋನ್ ಮಾಡಿ ಒಂದೊಂದೇ ಹೆಸರು ಕೇಳುತ್ತಾನೆ. ಇವತ್ತು ಅಲ್ಲಿ ಏಳು ಫೈಲು ಇದ್ದವು. ಎರಡು ಮೂಳೆಯವು.